ಊದುಗೊಳವೆಯಲ್ಲಿ ಉಳಿದಿದ್ದ ಬೂದಿ

ಅಟ್ಟದ ಮೇಲಿನ ಸಾಮಾನು ಇಳಿಸುತ್ತಿದ್ದೆ. ತಳ ಹೋದ ಕೊಡ, ಹಳೇ ಜರಡಿ, ಎರಡು ಲಾಟೀನು... ಅವುಗಳ ಹಿಂದೆ ಕೈ ಚಾಚಿದಾಗ ತಣ್ಣಗೆ ಒಂದು ಕಬ್ಬಿಣದ ಊದುಗೊಳವೆ ಸಿಕ್ಕಿತು. ಮೊಳದಷ್ಟು ಉದ್ದ. ಒಂದು ತುದಿಯನ್ನು ಸುತ್ತಿಗೆಯಿಂದ ಬಡಿದು ಸಣ್ಣದು ಮಾಡಿದ್ದರು. ಎರಡೂ ಬಾಯಿಗೆ ನೀಲಿ ಸೀರೆಯ ಚೂರುಗಳನ್ನು ಬಿಗಿಯಾಗಿ ತುರುಕಲಾಗಿತ್ತು. ಆ ಸೀರೆ ನನ್ನ ಹೆಂಡತಿಯದು. ಅವಳು ಹೋಗಿ ಮೂರು ತಿಂಗಳಾಯಿತು. ಅವಳ ಅಡುಗೆಮನೆಯ ಸಾಮಾನು ಯಾರಿಗಾದರೂ ಬಳಕೆಗೆ ಬರಲಿ ಎಂದು ನಾನು ಅಟ್ಟ ಹತ್ತಿದ್ದೆ.

ಬಟ್ಟೆ ಎಳೆದು, ಕೊಳವೆಯನ್ನು ಅಂಗೈ ಮೇಲೆ ಮೆಲ್ಲಗೆ ತಟ್ಟಿದೆ. ಒಂದು ಚಿಟಿಕೆ ಬೂದಿ ಬಿತ್ತು. ಬೆಳ್ಳಗೆ, ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ. ಮೂಗಿನ ಹತ್ತಿರ ಹಿಡಿದರೆ ಯಾವ ವಾಸನೆಯೂ ಇಲ್ಲ. ಬೇರೆಯವರಿಗೆ ಹಳೆಯದೆಲ್ಲ ವಾಸನೆಯಿಂದ ನೆನಪಾಗುತ್ತದಂತೆ. ನನಗೆ ಆ ದಿನ ನೆನಪು ಬಂದದ್ದು ವಾಸನೆಯೇ ಇಲ್ಲದ ಈ ಪುಡಿಯಿಂದ. ಬೆರಳಿನ ನಡುವೆ ಉಜ್ಜಿದೆ. ಚರ್ಮದ ಎಣ್ಣೆಯನ್ನೆಲ್ಲ ಕುಡಿದು ಬೆರಳು ಒಣಗಿಸಿಬಿಟ್ಟಿತು. ಇಷ್ಟು ವರ್ಷದ ಮೇಲೂ ಅದು ತನ್ನ ಕೆಲಸ ಮರೆತಿರಲಿಲ್ಲ. ಮರೆತವನು ನಾನು...

ಮರೆತೆ ಎನ್ನುವುದೂ ಸುಳ್ಳು. ಹೇಳದೆ ಉಳಿದೆ, ಅಷ್ಟೇ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಪಿಯುಸಿ ಓದಲು ನಾನು ಬಾದನಹಟ್ಟಿಯಿಂದ ಬಳ್ಳಾರಿಗೆ ಬಂದಿದ್ದೆ. ಊಟ, ವಸತಿ ಎರಡೂ ಪುಕ್ಕಟೆ ಇದ್ದ ಒಂದು ಪ್ರಸಾದ ನಿಲಯದಲ್ಲಿ ಜಾಗ ಸಿಕ್ಕಿತ್ತು. ಒಂದೇ ಉದ್ದನೆಯ ಪಡಸಾಲೆ, ಎರಡು ಸಾಲು ಹಲಗೆ ಮಂಚ, ಗೋಡೆಗೆ ಸುಣ್ಣ, ಕಿಟಕಿಯಲ್ಲಿ ಕೋಟೆ ಗುಡ್ಡದ ಬಂಡೆಗಳು. ನನಗೆ ತಂದೆ ಇರಲಿಲ್ಲ. ಅವ್ವ ಮಂದಿಯ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಿದ್ದಳು. ಆ ಪಡಸಾಲೆಯ ಒಂದು ಮಂಚ ತಪ್ಪಿದರೆ ಬಳ್ಳಾರಿಯಲ್ಲಿ ನನಗೆ ತಲೆ ಇಡಲು ಬೇರೆ ಜಾಗವಿರಲಿಲ್ಲ. ಓದು ಅಲ್ಲಿಗೆ ಮುಗಿದಂತೆ.

ನಿಲಯದ ಅಡುಗೆಯವರನ್ನು ನಾವೆಲ್ಲ ತಾತ ಎಂದು ಕರೆಯುತ್ತಿದ್ದೆವು. ಹೆಸರು ಏನೆಂದು ಯಾರೂ ಕೇಳಿರಲಿಲ್ಲ. ಅವರು ಮೊದಲು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರಿಗೆ ಹೊಟ್ಟು ಹಾಕುವ ಕೆಲಸದಲ್ಲಿದ್ದರು. ಬೆಂಕಿಯ ಮುಂದೆ ನಿಂತು ನಿಂತು ಹುಬ್ಬಿನ ಕೂದಲು ಸುಟ್ಟುಹೋಗಿದ್ದವು. ಹಾಗಾಗಿ ಅವರ ಮುಖ ಯಾವಾಗಲೂ ಈಗಷ್ಟೇ ಏನೋ ಕೇಳಿ ಆಶ್ಚರ್ಯಪಟ್ಟವರ ಹಾಗೆ ಕಾಣುತ್ತಿತ್ತು. ಮಾತು ಕಡಿಮೆ, ಕೆಮ್ಮು ಜಾಸ್ತಿ. ನಿಲಯದ ಅಡುಗೆಮನೆಯಲ್ಲೂ ಭತ್ತದ ಹೊಟ್ಟು ಉರಿಸುವ ದೊಡ್ಡ ಒಲೆಯೇ ಇತ್ತು. ತಿಂಗಳಿಗೊಮ್ಮೆ ತಾತ ಸಿರುಗುಪ್ಪಕ್ಕೆ ಹೋಗಿ, ಲಾರಿಯ ಮೇಲೆ ಹೊಟ್ಟಿನ ಚೀಲಗಳ ನಡುವೆ ಕೂತು ಬರುತ್ತಿದ್ದರು.

ಅವರ ಹಾಸಿಗೆ ಇದ್ದದ್ದು ಅಡುಗೆಮನೆಯ ಹಿಂದಿನ ಬೂದಿ ರಾಶಿಯ ಪಕ್ಕದ ಚಪ್ಪರದಲ್ಲಿ. ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ.

ಆ ವರ್ಷ ದೀಪಾವಳಿ ರಜೆಗೆ ಊರಿಗೆ ಹೋದವನು ಅವ್ವ ಹೊಲಿದ ಹೊಸ ಕೌದಿ ತಂದೆ. ಹೊಸದು ಎಂದರೆ ಹೊಲಿಗೆ ಮಾತ್ರ ಹೊಸದು. ಬಟ್ಟೆಯೆಲ್ಲ ಅವಳ ಹಳೇ ಸೀರೆಗಳು, ಅಪ್ಪನ ಒಂದು ಧೋತರ. ಹೊರಡುವ ದಿನ ಅವಳು, "ಎರಡು ದಿನ ಬಿಸಲಾಗ ಹಾಕಿ ಒಯ್ಯೋ" ಅಂದಿದ್ದಳು. ನಾನು ಬಸ್ಸು ತಪ್ಪುತ್ತದೆಂದು ಸುತ್ತಿಕೊಂಡು ಬಂದೆ.

ಹದಿನೈದು ದಿನವಾಗಿರಲಿಲ್ಲ, ಪಡಸಾಲೆಯ ತುಂಬ ತಿಗಣೆ. ಹಲಗೆಯ ಸಂದಿನಲ್ಲಿ, ಗೋಡೆಯ ಬಿರುಕಿನಲ್ಲಿ, ಪುಸ್ತಕದ ಬೆನ್ನಿನ ಹೊಲಿಗೆಯಲ್ಲಿ. ಬೆಳಿಗ್ಗೆ ಎದ್ದರೆ ಎಲ್ಲರ ಕುತ್ತಿಗೆ ಮೇಲೆ ಸಾಲು ಸಾಲು ಗುಳ್ಳೆ. ತರಗತಿಯಲ್ಲಿ ಕೂತಲ್ಲೇ ನಿದ್ದೆ. ವಾರ್ಡನ್ ಎರಡು ಸಲ ಡಿ.ಡಿ.ಟಿ. ಪುಡಿ ಹೊಡೆಸಿದರು. ನಾವು ಸೀನಿದೆವು, ಕಣ್ಣು ಉರಿಯಿತು. ತಿಗಣೆಗಳು ನಾಲ್ಕು ದಿನ ಸುಮ್ಮನಿದ್ದು ಐದನೆಯ ದಿನ ಬಂದವು.

ಯಾರು ತಂದದ್ದು ಎಂಬ ಮಾತು ಎದ್ದಿತು. ರಜೆಯ ಮೇಲೆ ಹೊಸ ಹಾಸಿಗೆ ತಂದವನು ನಾನೊಬ್ಬನೇ. ನನ್ನ ಪಕ್ಕದ ಮಂಚದವನು ಹಚ್ಚೊಳ್ಳಿಯ ಹುಡುಗ, ಒಳ್ಳೆಯವನೇ, ಆದರೆ ನಾಲಿಗೆ ನಿಲ್ಲದು. ಊಟದ ಸಾಲಿನಲ್ಲಿ ಎಲ್ಲರ ಮುಂದೆ ಅವನು, "ಲೇ, ಇವನ ಕೂಡ ಕುಂದ್ರಬ್ಯಾಡ್ರಲೇ. ಇವ ಒಬ್ಬನ ಬಂದಿಲ್ಲ, ಬಳಗ ಕಟ್ಕೊಂಡು ಬಂದಾನ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ಆಚೆ ಈಚೆ ಎರಡು ತಟ್ಟೆಯಷ್ಟು ಜಾಗ ಖಾಲಿ ಬಿಟ್ಟು ಕೂತರು. ಆಗ ನಗು ಬರಲಿಲ್ಲ.

ವಾರ್ಡನ್ ಕೆಟ್ಟವರಲ್ಲ. ಅವರಿಗೂ ಭಯವಿತ್ತು. ಇನ್ನು ಹದಿನೈದು ದಿನಕ್ಕೆ ನಿಲಯ ನಡೆಸುವ ಕಮಿಟಿಯವರು ನೋಡಲು ಬರುವವರಿದ್ದರು. ಒಂದು ಬೆಳಿಗ್ಗೆ ಊಟದ ಮನೆಯಲ್ಲಿಯೇ ನನ್ನನ್ನು ಕರೆದು, "ನಿನ್ನ ಗಂಟು ಕಟ್ಟಪ್ಪಾ. ಒಬ್ಬನ ಸಲುವಾಗಿ ನಲವತ್ತು ಮಂದಿ ನಿದ್ದಿ ಹಾಳು ಮಾಡಾಕ ಆಗಂಗಿಲ್ಲ" ಅಂದರು. ನಾನು, "ನನ್ನ ಕೌದ್ಯಾಗ ಇಲ್ಲ ಸಾರ್" ಅಂದೆ. ದನಿ ಹೊರಗೆ ಬಂತೋ ಇಲ್ಲವೋ ಗೊತ್ತಿಲ್ಲ.

ತಾತ ರೊಟ್ಟಿ ಬಡಿಸುತ್ತಿದ್ದರು. ಬುಟ್ಟಿ ಕೆಳಗಿಟ್ಟರು.

"ಹದಿನೈದು ದಿನ ನನಗ ಕೊಡ್ರಿ ಸಾರ್. ನಾ ತೆಗಿತೀನಿ."

"ಏನ್ ಹಾಕಿ ತೆಗಿತೀರಿ ತಾತ? ಡಿ.ಡಿ.ಟಿ.ಗೇ ಹೋಗಲಿಲ್ಲ."

"ಬೂದಿ ಹಾಕಿ."

ಊಟದ ಮನೆಗೆ ಊಟದ ಮನೆಯೇ ನಕ್ಕಿತು. ಹಚ್ಚೊಳ್ಳಿಯವನು ಹಣೆಯ ಮೇಲಿನ ವಿಭೂತಿ ತೋರಿಸಿ, "ತಾತಾ, ತಗಣಿಗೆ ಈಬತ್ತಿ ಹಚ್ಚಿ ದೀಕ್ಷಾ ಕೊಡ್ತೀ ಏನು?" ಅಂದ.

"ಮೊದಲು ನಿನಗ ಕೊಡ್ತೀನಿ ಬಾ. ನಿನ್ನ ಬಾಯಾಗಿನ ಹುಳ ಸಾಯಬೇಕು" ಅಂದರು ತಾತ. ಈ ಸಲ ಎಲ್ಲರೂ ಅವನನ್ನು ನೋಡಿ ನಕ್ಕರು. ಆಮೇಲೆ ವಾರ್ಡನ್ ಕಡೆ ನೋಡಿ, "ಹೋಗಲಿಲ್ಲಂದ್ರ ಹುಡುಗನ ಜೊತಿ ನಾನೂ ಗಂಟು ಕಟ್ತೀನಿ ಸಾರ್" ಅಂದರು.

ಅವರಿಗೆ ನಾನು ಏನೂ ಆಗಬೇಕಿರಲಿಲ್ಲ. ಅಲ್ಲಿಯವರೆಗೆ ನಮ್ಮ ನಡುವೆ ನಡೆದ ಮಾತು ಎಂದರೆ "ಇನ್ನೊಂದು ರೊಟ್ಟಿ ಹಾಕ್ಲಾ?" "ಹಾಕು ತಾತ", ಇಷ್ಟೇ.

ಅಂದು ಮಧ್ಯಾಹ್ನವೇ ಕೆಲಸ ಶುರುವಾಯಿತು. ಬೂದಿ ಎಂದರೆ ಯಾವ ಬೂದಿಯೂ ಆಗುವುದಿಲ್ಲ ಎಂದು ನನಗೆ ತಿಳಿದದ್ದು ಆಗ. ಕಟ್ಟಿಗೆಯ ಬೂದಿಯನ್ನು ಅವರು ಮುಟ್ಟಲಿಲ್ಲ. ಹೊಟ್ಟಿನ ಬೂದಿಯಲ್ಲೂ ಕರಿ ಬೂದಿ ಬೇಡ. ಒಲೆಯ ತಳದಲ್ಲಿ ಪೂರ್ತಿ ಬೆಂದು ಬೆಳ್ಳಗಾದದ್ದನ್ನು ಮಾತ್ರ ಬಳಿದು ತೆಗೆದರು. ಅದನ್ನು ಒರಳಿನಲ್ಲಿ ಮೆಲ್ಲಗೆ ಅರೆದು, ಹಳೇ ಧೋತರದಲ್ಲಿ ಸೋಸಿ, ತಗಡಿನ ಮೇಲೆ ಹರಡಿ ಬಿಸಿಲಿಗಿಟ್ಟರು. ಎರಡನೆಯ ದಿನ ಒಂದು ಮುಷ್ಟಿ ತೆಗೆದುಕೊಂಡು ಬೆರಳು ಸಡಿಲಿಸಿದರೆ ಅದು ನೀರಿನ ಹಾಗೆ ಹರಿಯಿತು. "ಹಾಂ, ಈಗ ಆತು" ಅಂದರು.

ಗಿರಣಿಯಲ್ಲಿ ಕೂಲಿಯವರೆಲ್ಲ ತಿಗಣೆ ಕಡಿತದಿಂದ ನರಳುವಾಗ ಬಾಯ್ಲರ್ ಹತ್ತಿರ ಮಲಗುವವರಿಗೆ ಮಾತ್ರ ಒಂದೂ ಕಡಿಯುತ್ತಿರಲಿಲ್ಲವಂತೆ. ಯಾಕೆಂದು ನೋಡುತ್ತ ನೋಡುತ್ತ ಅವರು ಬೂದಿಯ ಗುಣ ಕಂಡುಕೊಂಡಿದ್ದರು. "ಇದು ವಿಷ ಅಲ್ಲ ತಮ್ಮಾ. ಹುಳದ ಮೈಮ್ಯಾಲ ಎಣ್ಣಿ ಸವರಿದಂಗ ಒಂದು ಪದರ ಇರ್ತೈತಿ. ಬೂದಿ ಅದನ್ನ ಕುಡಿದು ಬಿಡ್ತೈತಿ. ಆಮ್ಯಾಲ ಮೈಯಾಗಿನ ನೀರು ನಿಲ್ಲಂಗಿಲ್ಲ. ಬಾಯಾರಿ ಸಾಯ್ತಾವ."

ಬಾಯಾರಿ ಸಾಯುವುದು ಎಂಬ ಮಾತು ಕೇಳಿ ನನಗೆ ಒಂದು ಕ್ಷಣ ಅವುಗಳ ಮೇಲೆಯೇ ಕನಿಕರ ಬಂತು. ಬಳ್ಳಾರಿಯ ಬಿಸಿಲು ಕಂಡವರಿಗೆ ಆ ಸಾವು ಅರ್ಥವಾಗುತ್ತದೆ.

ಆಮೇಲೆ, "ನಿನ್ನ ಕೌದಿ ತಾ" ಅಂದರು. ಬಿಸಿಲಿನಲ್ಲಿ ತಗಡಿನ ಮೇಲೆ ಹಾಸಿ ಅದರ ಅಂಚಿನ ಹೊಲಿಗೆಯನ್ನು ಉಗುರಿನಿಂದ ಬಿಡಿಸುತ್ತ ಹೋದರು. ನಾನು ಪಕ್ಕದಲ್ಲಿ ನಿಂತಿದ್ದೆ. ಒಂದು ಮೂಲೆಯಲ್ಲಿ, ಅಪ್ಪನ ಧೋತರದ ಮಡಿಕೆಯ ಒಳಗೆ, ಗಸಗಸೆ ಅಂಟಿಸಿದ ಹಾಗೆ ಬಿಳಿ ಮೊಟ್ಟೆಗಳು. ಸುತ್ತಲೂ ಹಳೆಯ ಕರಿ ಕಲೆಗಳು. ಹದಿನೈದಿಪ್ಪತ್ತು ದಿನದ್ದಲ್ಲ ಅದು, ಊರಿನದ್ದೇ. ತಾತ ನನ್ನ ಮುಖ ನೋಡಿದರು. ಅವರು ಮಡಿಕೆ ಮುಚ್ಚಿ, ಮೇಲೆ ಬೂದಿ ಉದುರಿಸಿದರು.

"ಯಾರ ಮನ್ಯಾಗ ಇಲ್ಲ ಹೇಳು. ಸುಮ್ನಿರು" ಅಂದರು.

ಸುಮ್ಮನಿದ್ದೆ. ಅದೇ ನಾನು ಮಾಡಿದ ದೊಡ್ಡ ಕೆಲಸ.

ಮಂಚದ ಸಂದುಗಳಿಗೆ ಬೂದಿ ಊದಲು ಅವರ ಹತ್ತಿರ ಈ ಕೊಳವೆ ಇತ್ತು. ಗಿರಣಿಯ ಹಳೇ ಪೈಪಿನ ತುಂಡು. ಸಣ್ಣ ತುದಿಯಲ್ಲಿ ಒಂದು ಚಿಟಿಕೆ ಬೂದಿ ತುಂಬಿ, ಬಿರುಕಿಗೆ ಹಿಡಿದು, ಒಂದೇ ಸಲ ಮೆಲ್ಲಗೆ ಊದಬೇಕು. "ಮೊದಲು ಉಸಿರು ತಗೋ, ಆಮ್ಯಾಲ ಬಾಯಿ ಹಚ್ಚು. ಬಾಯಿ ಹಚ್ಚಿ ಉಸಿರು ತಗೊಂಡ್ಯೋ, ಬೂದಿ ನಿನ್ನ ಒಳಗ" ಎಂದು ಎಚ್ಚರಿಸಿದರು. ನನ್ನ ಮೂಗಿಗೆ ಟವೆಲ್ಲು ಕಟ್ಟಿದರು. ತಾವು ಕಟ್ಟಿಕೊಳ್ಳಲಿಲ್ಲ. ಕೇಳಿದರೆ, "ನನ್ನ ಒಳಗ ಮೊದಲ ಒಂದು ಚೀಲ ಐತಿ ಬಿಡು" ಎಂದು ಕೆಮ್ಮುತ್ತ ನಕ್ಕರು.

ನಾನು ಉತ್ಸಾಹದಲ್ಲಿ ಜಾಸ್ತಿ ಜಾಸ್ತಿ ತುಂಬುತ್ತಿದ್ದೆ. ಅವರು ಕೈ ಹಿಡಿದರು. ರಾಶಿ ಬಿದ್ದರೆ ಹುಳ ಸುತ್ತಿ ಹೋಗುತ್ತದೆ, ತೆಳ್ಳಗಿದ್ದರೆ ತಿಳಿಯದೆ ತುಳಿಯುತ್ತದೆ. "ಕಣ್ಣಿಗೆ ಕಂಡ್ರ ಜಾಸ್ತಿ ಆತು ಅಂತ ತಿಳಿ" ಅಂದರು. ಹಲಗೆ ಹಲಗೆ, ಕಾಲು ಕಾಲು, ಗೋಡೆಯ ಮೊಳೆ ಹೊಡೆದ ತೂತು ತೂತು. ಮಂಚಗಳನ್ನೆಲ್ಲ ಗೋಡೆಯಿಂದ ಒಂದು ಗೇಣು ಈಚೆ ಸರಿಸಿದೆವು. ಎಲ್ಲ ಮುಗಿದಾಗ ನೋಡಿದರೆ ಎಲ್ಲೂ ಏನೂ ಹಾಕಿದಂತೆಯೇ ಇರಲಿಲ್ಲ.

ಒಂದೇ ಕಷ್ಟ ಉಳಿಯಿತು. ನಿಲಯದಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಅದಕ್ಕೆ ಮುಂಚೆ ಪಡಸಾಲೆಯನ್ನು ಕೊಡಗಟ್ಟಲೆ ನೀರು ಹಾಕಿ ತೊಳೆಯುವುದು ಮೊದಲಿನಿಂದ ಬಂದ ಪದ್ಧತಿ. ಬೂದಿಗೆ ನೀರು ತಾಗಿದರೆ ಅದು ಬರೀ ಕೆಸರು. ತಾತ ಹೋಗಿ ಎರಡು ಸೋಮವಾರ ತೊಳೆಯುವುದು ಬೇಡ ಎಂದು ಕೇಳಿದರು. ವಾರ್ಡನ್, "ಸೋಮವಾರ ತೊಳಿಬ್ಯಾಡ ಅಂತೀರಲ್ಲ, ಶಿವ ಮೆಚ್ಚತಾನೇನ್ರಿ?" ಅಂದರು. "ಶಿವ ಇರೋದ ಬೂದ್ಯಾಗಲ್ಲೇನ್ರಿ ಸಾರ್" ಅಂದರು ತಾತ. ವಾರ್ಡನ್ ಒಪ್ಪಿಕೊಂಡರು. ಭಜನೆ ಅಂಗಳದಲ್ಲಿ ನಡೆಯಿತು.

ಮೊದಲ ವಾರ ಏನೂ ಆಗಲಿಲ್ಲ. ಕಡಿತ ಹಾಗೆಯೇ. ಹುಡುಗರು ನನ್ನ ಮುಖ ನೋಡಿ ಹಲ್ಲು ಕಡಿಯುತ್ತಿದ್ದರು. ತಾತ, "ತಾಳು, ನಿಧಾನ ಕೆಲಸ ಇದು" ಎನ್ನುತ್ತಿದ್ದರು. ಹತ್ತನೆಯ ದಿನ ಅವರು ಹೊಟ್ಟು ತರಲು ಸಿರುಗುಪ್ಪಕ್ಕೆ ಹೋದರು.

ಅವತ್ತೇ ಮಧ್ಯಾಹ್ನ, ಹಾಡುಹಗಲು, ತಿಗಣೆಗಳು ಹೊರಗೆ ಬಂದವು. ಗೋಡೆಯ ಮೇಲೆ, ಮಂಚದ ಕಾಲಿನ ಮೇಲೆ, ನೆಲದ ಮೇಲೆ ದಿಕ್ಕು ತಪ್ಪಿದವರ ಹಾಗೆ ಮೆಲ್ಲ ಮೆಲ್ಲಗೆ ನಡೆಯುತ್ತಿದ್ದವು. ಬೆಳಕಿಗೆ ಹೆದರುವ ಹುಳ ಬೆಳಕಿನಲ್ಲಿ ಬಂದಿವೆ ಎಂದರೆ ಎಷ್ಟು ಸಾವಿರ ಆಗಿರಬೇಕು ಎಂದೇ ನಮಗೆಲ್ಲ ಅನಿಸಿತು. ಹಚ್ಚೊಳ್ಳಿಯವನು ಮಂಚದ ಮೇಲೆ ಹತ್ತಿ ನಿಂತು, "ಬರ್ರೆಪಾ ಬರ್ರಿ, ಬಾದನಹಟ್ಟಿ ದಂಡು ಮೆರವಣಿಗಿ ಹೊಂಟೈತಿ!" ಎಂದು ಕೂಗಿದ.

ಇನ್ನು ಐದು ದಿನ. ಕಮಿಟಿಯವರು ಬರುವುದರೊಳಗೆ ಏನಾದರೂ ಮಾಡಬೇಕಿತ್ತು. ನಮ್ಮ ಊರುಗಳಲ್ಲಿ ತಿಗಣೆ ಬಿದ್ದ ಮಂಚಕ್ಕೆ ಎಲ್ಲರೂ ಮಾಡುವುದು ಒಂದೇ, ಕುದಿಯುವ ನೀರು ಸುರಿಯುವುದು. ಅವ್ವ ಮಾಡುತ್ತಿದ್ದಳು, ಅವಳ ಅವ್ವ ಮಾಡುತ್ತಿದ್ದಳು. "ನೀರು ಕಾಸೋಣು ನಡೀರಿ" ಎಂದವನು ನಾನೇ. ಹಚ್ಚೊಳ್ಳಿಯವನೇ ಮೊದಲು ಓಡಿಬಂದ. ಹಂಡೆ ಹಂಡೆ ನೀರು ಕುದಿಸಿ, ಎಲ್ಲರೂ ಸೇರಿ ಒಂದು ಮಂಚ ಬಿಡದೆ ಸುರಿದೆವು, ಗೋಡೆಗೆ ಎರಚಿದೆವು. ಎದುರಿಗೆ ಕಂಡವೆಲ್ಲ ಸತ್ತವು. ಎಷ್ಟೋ ದಿನದ ಮೇಲೆ ಹುಡುಗರು ನನ್ನ ಹೆಗಲ ಮೇಲೆ ಕೈ ಹಾಕಿದರು.

ಸಂಜೆಗೆ ಹೊಟ್ಟಿನ ಲಾರಿ ಬಂತು. ತಾತ ಇಳಿದವರು ಒಳಗೆ ಬರಲಿಲ್ಲ. ಮೋರಿಯ ಹತ್ತಿರವೇ ನಿಂತರು. ಮೋರಿಯಲ್ಲಿ ಬೂದು ಬಣ್ಣದ ನೀರು ಹರಿಯುತ್ತಿತ್ತು. ಬಗ್ಗಿ ಒಂದು ಬೆರಳು ಅದ್ದಿ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಸಾಯಾಕ ಬಂದಿದ್ದವು ತಮ್ಮಾ" ಅಂದರು. "ಬಾಯಾರಿ ಹೊರಗ ಬಂದಿದ್ದವು. ಇನ್ನ ಎರಡು ದಿನ ಬಿಟ್ಟಿದ್ದರ ಎಲ್ಲಾ ಹೋಗ್ತಿದ್ದವು. ನೀ ಅವಕ್ಕ ನೀರು ಕುಡಿಸಿದಿ."

ಅಷ್ಟೇ. ಚೀಲ ಇಳಿಸಲು ಹೋದರು.

ಬಿಸಿನೀರು ಸಂದಿನ ಆಳಕ್ಕೆ ಹೋಗಿರಲಿಲ್ಲ. ಒಳಗಿದ್ದವು ಬದುಕಿದವು, ಅವನ್ನು ಕೊಲ್ಲಬೇಕಾಗಿದ್ದ ಬೂದಿ ಮಾತ್ರ ತೊಳೆದುಹೋಯಿತು. ಮಂಚಗಳು ಒಣಗಲು ಎರಡು ದಿನ ಬೇಕಾಯಿತು, ಮೇಲೆ ಮೋಡ ಬೇರೆ. ಒಣಗಿದ ದಿನವೇ ಕಡಿತ ಮತ್ತೆ ಶುರು. ವಾರ್ಡನ್ ಬಂದು ನನ್ನ ಮಂಚದ ಮುಂದೆ ನಿಂತರು. "ಇನ್ನ ನಂದೇನೂ ನಡಿಯಂಗಿಲ್ಲಪ್ಪಾ" ಅಂದರು. ನಾನು ಕೌದಿ ಮಡಿಚತೊಡಗಿದೆ.

ತಾತ ಬಾಗಿಲಲ್ಲಿ ಬಂದು ನಿಂತಿದ್ದರು. ಕೈಯಲ್ಲಿ ತಮ್ಮ ಹಾಸಿಗೆಯ ಸುರುಳಿ.

"ಸಾರ್, ಹುಡುಗನ್ನ ಬಿಡ್ರಿ. ತಗಣಿ ತಂದಾವ ನಾನು. ಗಿರಣ್ಯಾಗಿಂದ ಈ ಹಾಸಿಗ್ಯಾಗ ಬಂದಾವ. ಹೇಳಾಕ ನಾಚಿಕಿ ಆಗಿ ಬೂದಿ ಗೀದಿ ಅಂತ ನಾಟಕ ಮಾಡಿದೆ."

ಬೂದಿ ರಾಶಿಯ ಪಕ್ಕದ ಹಾಸಿಗೆಯಲ್ಲಿ ತಿಗಣೆ ಇರುವುದು ಆಗದ ಮಾತು. ನಲವತ್ತು ಜನರಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಕೌದಿಯ ಮಡಿಕೆಯ ಮೊಟ್ಟೆ ನೋಡಿದವನೂ ನಾನೊಬ್ಬನೇ. ಬಾಯಿ ತೆರೆಯಬೇಕಿತ್ತು. ಬೇರೆ ಮಾತೇನೂ ಬೇಕಿರಲಿಲ್ಲ, "ಸುಳ್ಳು" ಎಂಬ ಒಂದು ಮಾತು ಸಾಕಿತ್ತು. ಅವ್ವನ ಮುಖ ಕಣ್ಣಿಗೆ ಬಂತು. ಊರಿಗೆ ಹೋಗುವ ಬಸ್ಸು ಕಣ್ಣಿಗೆ ಬಂತು. ನಾನು ಕೌದಿಯ ಮೇಲೆ ಕೈ ಇಟ್ಟುಕೊಂಡು ನೆಲ ನೋಡಿದೆ...

ಹಚ್ಚೊಳ್ಳಿಯವನು ಮೆಲ್ಲಗೆ, "ತಪ್ಪಾತಲೇ, ನಿನಗ ಏನೇನೋ ಅಂದೆ" ಅಂದ. ಅದು ಇನ್ನೂ ಕಷ್ಟವಾಯಿತು.

ಹೊರಡುವ ಮುಂಚೆ ತಾತ ಅಡುಗೆಮನೆಯ ಹಿಂದೆ ನನ್ನನ್ನು ಕರೆದರು. ಡಬ್ಬಿಯ ತುಂಬ ಸೋಸಿದ ಬೂದಿ, ಮೇಲೆ ಈ ಊದುಗೊಳವೆ.

"ಬಿಸಿಲು ಬಿದ್ದ ಮ್ಯಾಲ ಇನ್ನೊಮ್ಮಿ ಊದು. ತೆಳ್ಳಗ. ಈ ಸಲ ತಾಳು."

"ತಾತಾ, ನೀ ಯಾಕ ಹಂಗ ಹೇಳಿದಿ?"

"ನನಗ ಎಲ್ಲಿ ಹೋದ್ರೂ ಒಲಿ ಸಿಗ್ತೈತಿ. ನಿನಗ ಸಾಲಿ ಎಲ್ಲಿ ಸಿಗ್ತೈತಿ, ಹೇಳು?" ಅಂದರು. ಅವರ ಹುಬ್ಬಿಲ್ಲದ ಮುಖದ ಮೇಲೆ ಅದೇ ಆಶ್ಚರ್ಯ. ಹಾಸಿಗೆ ಸುರುಳಿ ಹೆಗಲಿಗೇರಿಸಿ ಸಿರುಗುಪ್ಪದ ಬಸ್ಸಿಗೆ ಹೋದರು. ನಾನು ಗೇಟಿನವರೆಗೂ ಹೋಗಲಿಲ್ಲ. ಯಾರಾದರೂ ನೋಡಿದರೆ ಎಂದು.

ಕಮಿಟಿಯವರು ಬಂದು ಹೋದರು. ಅಡುಗೆಯವನನ್ನು ಬಿಡಿಸಿದ್ದೇವೆ ಎಂದು ವಾರ್ಡನ್ ಹೇಳಿದರು, ಅವರು ತಲೆಯಾಡಿಸಿದರು. ನಾನು ಬಿಸಿಲು ನೋಡಿ, ಎಲ್ಲರೂ ಕಾಲೇಜಿಗೆ ಹೋದ ಹೊತ್ತಿನಲ್ಲಿ ಒಬ್ಬನೇ ಬೂದಿ ಊದಿದೆ. ತೆಳ್ಳಗೆ. ಸೋಮವಾರ ಪಡಸಾಲೆ ತೊಳೆಯುವ ಕೆಲಸ ನಾನೇ ಕೇಳಿ ಪಡೆದೆ. ನಡುವೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಡುತ್ತಿದ್ದೆ. ಹನ್ನೊಂದನೆಯ ದಿನ ಹಗಲಿನಲ್ಲಿ ಮತ್ತೆ ಅವು ಹೊರಗೆ ಬಂದವು. ಈ ಸಲ ತಾಳಿದೆ. ತಿಂಗಳು ತುಂಬುವುದರೊಳಗೆ ಪಡಸಾಲೆಯಲ್ಲಿ ಒಂದೂ ತಿಗಣೆ ಇರಲಿಲ್ಲ.

ಎಲ್ಲರೂ ಒಂದೇ ಮಾತು ಆಡಿದರು. "ನೋಡಿದ್ರೇನು? ಆ ಮುದುಕ ಹೋದ, ತಗಣೀನೂ ಹೋದವು."

ಅವರು ಕಲಿಸಿದ ವಿದ್ಯೆಯೇ ಅವರ ಮೇಲಿನ ಅಪವಾದಕ್ಕೆ ಸಾಕ್ಷಿಯಾಯಿತು. ಆ ಸಾಕ್ಷಿಯನ್ನು ನನ್ನ ಕೈಯಾರೆ, ಒಂದೊಂದೇ ಚಿಟಿಕೆಯಾಗಿ, ನಾನೇ ಊದಿದ್ದೆ. ಆಗಲೂ ಸುಮ್ಮನಿದ್ದೆ.

ಓದು ಮುಗಿಯಿತು. ಕುರುಗೋಡಿನಲ್ಲಿ ಒಂದು ಸಣ್ಣ ಗುಮಾಸ್ತಿಕೆ ಸಿಕ್ಕಿತು. ಮದುವೆಯಾಯಿತು. ಎಂಬತ್ತರ ದಶಕದ ಆರಂಭವಿರಬೇಕು, ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕೇಳಿ ಮುಗಿಸಿ, "ಹೋಗಿ ಬರೋಣು ನಡೀರಿ" ಎಂದಳು. ಮರುದಿನವೇ ಸಿರುಗುಪ್ಪದ ಬಸ್ಸು ಹತ್ತಿದೆವು. ಇಳಿದ ಮೇಲೆ ತಿಳಿಯಿತು, ಏನೆಂದು ಕೇಳುವುದು? ಹೆಸರೇ ಗೊತ್ತಿಲ್ಲ. ಒಂದೊಂದೇ ಗಿರಣಿಯ ಬಾಗಿಲಲ್ಲಿ ನಿಂತು, "ಹುಬ್ಬು ಸುಟ್ಟ ತಾತ ಒಬ್ಬರಿದ್ದರಲ್ಲ..." ಎಂದು ವಿಚಾರಿಸಿದೆವು. ಮೂರನೆಯ ಗಿರಣಿಯಲ್ಲಿ ಚೀಲ ಹೊಲಿಯುತ್ತಿದ್ದ ಒಬ್ಬರು ತಲೆ ಎತ್ತಿದರು.

"ಅವನ? ಅವ ಹೋಗಿ ಎರಡು ಮಳಿಗಾಲ ಆತ್ರಿ. ಕೆಮ್ಮಿ ಕೆಮ್ಮಿ ಹೋದ. ಬಳ್ಳಾರ್‍ಯಾಗ ಎಲ್ಲೋ ಅಡಿಗಿ ಮಾಡ್ತಿದ್ದ, ಹಾಸಿಗ್ಯಾಗ ತಗಣಿ ಅದಾವ ಅಂತ ಓಡ್ಸಿದ್ರಂತ. ಅದೊಂದು ಮಾತು ಹೇಳಿ ಹೇಳಿ ನಗ್ತಿದ್ದ ನೋಡ್ರಿ. ನಮಗ ಯಾಕ ನಗ್ತಾನ ಅಂತ ತಿಳೀತಿದ್ದಿಲ್ಲ. ಬಾಯ್ಲರ್ ಮುಂದ ಮಲಗಾವಗ ತಗಣಿ ಎಲ್ಲಿಂದ ಬರ್ತಾವ್ರಿ?"

ಅವರು ಮತ್ತೆ ದಬ್ಬಣ ಕೈಗೆತ್ತಿಕೊಂಡರು. ನಾನು ಹೆಸರು ಕೇಳಬೇಕಿತ್ತು. ಕೇಳಲಿಲ್ಲ. ಬಸ್ಸಿನಲ್ಲಿ ಹೆಂಡತಿ, "ಹೆಸರು ಕೇಳಲೇ ಇಲ್ಲಲ್ರಿ" ಎಂದಳು. ಮತ್ತೆ ಹೋಗೋಣ ಎಂದುಕೊಂಡೆವು. ಹೋಗಲಿಲ್ಲ...

ಬಂದವಳೇ ಅವಳು ಈ ಊದುಗೊಳವೆಯನ್ನು ಕೆಲಸಕ್ಕೆ ಹಚ್ಚಿದಳು. ನಮ್ಮ ಮನೆಯಲ್ಲಿ ಜಿರಳೆಗೆ, ಇರುವೆಗೆ, ಮಂಚದ ಸಂದಿಗೆ ಎಂದೂ ವಿಷದ ಪುಡಿ ಬರಲಿಲ್ಲ. ಬೂದಿ ಸೋಸುವುದು ಅವಳು, ಊದುವುದು ನಾನು. ಪ್ರತಿ ಸಲ ಊದುವ ಮುಂಚೆ ಅವಳು ನನ್ನ ಹಿಂದೆ ನಿಂತು ಮೂಗಿಗೆ ಬಟ್ಟೆ ಕಟ್ಟುತ್ತಿದ್ದಳು. ತಲೆಯ ಹಿಂದೆ ಎರಡು ಗಂಟು, ಬಿಗಿಯಾಗಿ. "ಬಿಗಿ ಆತು" ಅಂದರೆ, "ಆಗಲಿ. ಆ ತಾತಗ ಕಟ್ಟಾಕ ಯಾರೂ ಇದ್ದಿಲ್ಲ" ಎನ್ನುತ್ತಿದ್ದಳು.

ಇನ್ನೊಂದು ಮಾತನ್ನೂ ಅವಳು ಹೇಳುತ್ತಿದ್ದಳು. "ಅವರು ನಿಮ್ಮ ಮಾನ ಉಳಿಸ್ಯಾರ. ನೀವು ಅವರದು ಉಳಿಸ್ರಿ. ಒಂದು ಹಾಳಿ ಮ್ಯಾಲ ಬರೀರಿ, ಸಾಕು." ಬರೀತೀನಿ ಎನ್ನುತ್ತಿದ್ದೆ. ನಿವೃತ್ತಿಯಾಗಲಿ ಎಂದೆ. ನಿವೃತ್ತಿಯಾಯಿತು. ಅವಳಿಗೆ ಹುಷಾರಿಲ್ಲದಾಯಿತು. ಆಸ್ಪತ್ರೆಯಲ್ಲಿಯೂ ಒಮ್ಮೆ, "ಬರದ್ರ್ಯಾ?" ಎಂದು ಕೇಳಿದಳು. ನಾನು ಅವಳ ಕಾಲು ಒತ್ತುತ್ತ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ.

ಆ ನಿಜ ಗೊತ್ತಿದ್ದವರು ಲೋಕದಲ್ಲಿ ಮೂವರು. ಇಬ್ಬರು ಹೋದರು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಆ ಪಡಸಾಲೆಯಲ್ಲಿ ಮಲಗಿದ್ದ ನಲವತ್ತು ಜನರಲ್ಲಿ ಯಾರಾದರೂ ಇದನ್ನು ಓದಿದರೆ ಅವರಿಗೆ ತಿಳಿಯಲಿ: ತಿಗಣೆ ತಂದವನು ನಾನು. ನನ್ನ ಕೌದಿಯಲ್ಲಿಯೇ ಬಂದದ್ದು. ಅವುಗಳನ್ನು ತೆಗೆದದ್ದು ತಾತನ ಬೂದಿ. ಅವರ ಹಾಸಿಗೆ ನಮ್ಮೆಲ್ಲರ ಹಾಸಿಗೆಗಿಂತ ಶುದ್ಧವಾಗಿತ್ತು. ಅವರ ಹೆಸರು ಉಳಿಸೋಣವೆಂದರೆ ಆ ಹೆಸರೇ ನನಗೆ ಗೊತ್ತಿಲ್ಲ. ಇಷ್ಟೇ ಗೊತ್ತು.

ಇದನ್ನು ಬರೆದು ಮುಗಿಸಿದ ಮೇಲೆ, ಅಂಗೈಯಿಂದ ಕಾಗದದ ಮೇಲೆ ಎತ್ತಿಟ್ಟಿದ್ದ ಬೂದಿಯನ್ನು ಮತ್ತೆ ಕೊಳವೆಗೆ ತುಂಬಿದೆ. ಅವಳ ಮಂಚ ಇನ್ನೂ ಕೋಣೆಯಲ್ಲಿಯೇ ಇದೆ. ಅದರ ಮೇಲೆ ಈಗ ಯಾರೂ ಮಲಗುವುದಿಲ್ಲ, ಊದಬೇಕಾದ ಅಗತ್ಯವೂ ಇಲ್ಲ. ಆದರೂ ಮಂಚದ ತಲೆದೆಸೆಯ ಸಂದಿನ ಮುಂದೆ ಕೂತೆ. ಮೊದಲು ಉಸಿರು ತೆಗೆದುಕೊಳ್ಳಬೇಕು, ಆಮೇಲೆ ಬಾಯಿ ಹಚ್ಚಬೇಕು. ಅದಕ್ಕೂ ಮೊದಲು ಮೂಗಿಗೆ ಬಟ್ಟೆ. ನೀಲಿ ಸೀರೆಯ ಚೂರು ಸಾಲದು ಎಂದು ಟವೆಲ್ಲು ತಂದು ಮೂಗಿನ ಮೇಲೆ ಹಿಡಿದು, ಎರಡೂ ಕೈ ತಲೆಯ ಹಿಂದೆ ಒಯ್ದೆ. ಗಂಟು ಹಾಕಿದೆ. ಜಾರಿತು. ಮತ್ತೆ ಹಾಕಿದೆ. ಮತ್ತೆ ಜಾರಿತು. ಇಷ್ಟು ವರ್ಷದಲ್ಲಿ ಆ ಗಂಟು ಹಾಕುವುದನ್ನು ನಾನು ಕಲಿತೇ ಇರಲಿಲ್ಲ.